ತಿಪಟೂರು ಪಟ್ಟಣವೂ ಕೊಬ್ಬರಿಯ ಪೇಟೆಯೂ

2025ರಲ್ಲಿ ಬಿಳಿಗೆರೆಯ ಅಕ್ಕನ ಮನೆಯಲ್ಲಿ ನಾಲ್ಕು ದಿನ ತಂಗಿದ್ದ ನಾವು, ಭಾವನವರು ಕೊಬ್ಬರಿಯನ್ನು ಪೇಟೆಗೆ ಸಾಗಿಸುವಾಗ ಜೊತೆಗೂಡಿ ತಿಪಟೂರಿಗೆ ಹೊರಟೆವು. ದಾರಿಯುದ್ದಕ್ಕೂ ತೆಂಗಿನ ತೋಟಗಳು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಗೂ ಇದೇ ನೋಟವೆಂಬುದನ್ನು ಈ ಸೀಮೆಯನ್ನು ಕಂಡ ವಾಚಕರು ಬಲ್ಲರು. ಕಲ್ಪತರು ನಾಡೆಂಬ ಹೆಸರು ಸುಮ್ಮನೆ ಬಂದುದಲ್ಲ.

ತಿಪಟೂರು ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನ ಮುಖ್ಯಸ್ಥಳವು. ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲುದಾರಿಯ ಮೇಲಿರುವುದು. 2011ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 60 ಸಾವಿರ, ಆಡಳಿತವು ನಗರಸಭೆಯದು. ಬೀದಿ, ಅಂಗಡಿ, ಶಾಲೆಗಳ ವಿಷಯದಲ್ಲಿ ವಿಶೇಷವಾಗಿ ಹೇಳತಕ್ಕದ್ದಿಲ್ಲ. ನೋಡತಕ್ಕದ್ದು ಮಾರುಕಟ್ಟೆ.

ಇಲ್ಲಿಯದು ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡುವರು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟು, ಅಲುಗಿಸಿದರೆ ಗುಡುಗುಡನೆ ಸದ್ದಾಗುವುದು. ಆಗ ಮಟ್ಟೆ ಸುಲಿದು, ಉಂಡೆ ಮುಕ್ಕಾಗದಂತೆ ಕರಟವನ್ನು ಒಡೆದು ತೆಗೆಯಬೇಕು. ಅಕ್ಕನ ಕೈಯಲ್ಲಿ ಇದು ಎರಡೇ ಪೆಟ್ಟಿನ ಕೆಲಸ; ನಾವು ಕೈಯಿಟ್ಟ ಮೂರು ಕಾಯಿಗಳೂ ಹೋಳಾದುವು. ಹೋಳಿಗೆ ಬೆಲೆ ಕಡಮೆಯೆಂದು ಅಕ್ಕ ನಕ್ಕು ಕತ್ತಿಯನ್ನು ಕಸಿದುಕೊಂಡಳು.

ಪೇಟೆಯಲ್ಲಿ ಕೂಗಿ ಹರಾಜು ಹಾಕುವ ಸದ್ದಿಲ್ಲ. ವರ್ತಕರು ಗಣಕಯಂತ್ರದ ಮೂಲಕ ಬೆಲೆ ಸೂಚಿಸುವರು. ಸರಕು ಹೆಚ್ಚಾಗಿ ಉತ್ತರದೇಶಕ್ಕೆ ಹೋಗುವುದು. ಅಲ್ಲಿಯ ಹಬ್ಬ, ಮದುವೆಗಳಿಗೆ ಇದೇ ಬೇಕು. 2023ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿಯಿದ್ದರೂ ಪೇಟೆಯ ಧಾರಣೆ ಒಂಬತ್ತು ಸಾವಿರಕ್ಕಿಂತ ಕೆಳಗಿಳಿದಿತ್ತು. ಆ ವರ್ಷ ಅಕ್ಕನ ಮನೆಯಲ್ಲಿ ಮಗಳ ಮದುವೆಯನ್ನು ಮುಂದಕ್ಕೆ ಹಾಕಿದರು. 2025ರಲ್ಲಿ ಅದೇ ಧಾರಣೆ 25 ಸಾವಿರವನ್ನು ದಾಟಿತು. ಆದರೆ ಅಷ್ಟರಲ್ಲಿ ಬೇಸತ್ತ ಭಾವನವರು ಅರ್ಧ ತೋಟವನ್ನು ಎಳನೀರಿಗೆ ಕೊಟ್ಟುಬಿಟ್ಟಿದ್ದುದರಿಂದ ಅಟ್ಟದಲ್ಲಿ ಹೆಚ್ಚು ಕಾಯಿಯಿರಲಿಲ್ಲ!

ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆಯ ವ್ಯಾಪಾರದಿಂದ ಬೆಳೆದ ಊರು. 1974ರಲ್ಲಿ ಹಾವರ್ತ್ ಮೊದಲಾದ ಸುತ್ತಣ ಹಳ್ಳಿ ಪೇಟೆಗಳನ್ನೂ ಕೂಡಿಸಿ ಅಲ್ಲಿ ಒಂದೇ ಪೌರಾಡಳಿತವನ್ನು ಏರ್ಪಡಿಸಿ, ಅದಷ್ಟಕ್ಕೂ ರಾಜಪತ್ರದಿಂದ ನಗರವೆಂಬ ಪದವಿಯನ್ನು ಕೊಟ್ಟರು. ಹಳ್ಳಿಯವನೂ ಅಲ್ಲಿ ನಗರದ ಪ್ರಜೆ. ತಿಪಟೂರನ್ನು ಸಾಕುವ ಬಿಳಿಗೆರೆಯವರಿಗಾದರೋ ನಗರಸಭೆಯಲ್ಲಿ ಮತವಿಲ್ಲ. ಅವರ ಪಂಚಾಯಿತಿ ಬೇರೆ. ಇದನ್ನು ಹೇಳಿದಾಗ ಭಾವನವರು, “ಮತವಿರಲಿ, ಚೀಲ ಇಳಿಸುವ ಕಡೆ ಒಂದಿಷ್ಟು ನೆರಳು ಮಾಡಿಸಲಿ” ಎಂದರು.

ಹೊಂಬಾಳೆ ಒಡೆದಂದಿನಿಂದ ಕೊಬ್ಬರಿ ಪೇಟೆ ಸೇರುವವರೆಗೆ ಹೆಚ್ಚುಕಡಮೆ ಎರಡು ವರ್ಷ ಬೇಕು. ಬರಿಯ ಚೀಲಗಳೊಡನೆ ಸಂಜೆ ಹಿಂದಿರುಗಿದಾಗ ಎಳನೀರಿನ ವ್ಯಾಪಾರಿ ಜಗುಲಿಯ ಮೇಲೆ ಕಾದು ಕುಳಿತಿದ್ದನು. ಭಾವನವರು ಅವನಿಗೆ ಉತ್ತರ ಕೊಡದೆ ತೋಟಕ್ಕಿಳಿದು, ಕತ್ತೆತ್ತಿ ಗೊನೆಗಳನ್ನು ಎಣಿಸತೊಡಗಿದರು.