ಬೇಲಿಯ ಗೋಸುಂಬೆ, ಮನೆಯ ಆರೈಕೆ

ರಾಯಬಾಗ ತಾಲೂಕಿನ ಪಾಲಬಾವಿಯಂಥ ಊರುಗಳ ಕಬ್ಬು, ಗೋವಿನಜೋಳ, ಅರಿಶಿನದ ಹೊಲಗಳ ನಡುವೆ ಅಲ್ಲಲ್ಲಿ ಉಳಿದುಕೊಂಡಿರುವ ಜಾಲಿ, ಬೇವು, ಕಳ್ಳಿಯ ಬದುಗಳೇ ಗೋಸುಂಬೆಯ ನೆಲೆ. 1768ರಲ್ಲಿ ಲಾರೆಂಟಿ ಎಂಬ ಪ್ರಾಣಿಶಾಸ್ತ್ರಜ್ಞ ಕಮೇಲಿಯೊ ಜೈಲಾನಿಕಸ್ ಎಂದು ಹೆಸರಿಟ್ಟ ಈ ಸರೀಸೃಪ ಭಾರತದಲ್ಲಿ ಸಹಜವಾಗಿ ಬದುಕಿರುವ ಒಂದೇ ಗೋಸುಂಬೆ ಪ್ರಭೇದವಾಗಿದ್ದು, ಊಸರವಳ್ಳಿ ಎಂಬ ಹೆಸರಿನಲ್ಲಿಯೂ ಜನರಿಗೆ ಪರಿಚಿತ. ಅದು ಮನುಷ್ಯರ ಮನೆಯೊಳಗೆ ಬರುವುದು ಸಾಮಾನ್ಯವಾಗಿ ಸಾಕುಪ್ರಾಣಿಯಾಗಿ ಅಲ್ಲ, ರೋಗಿಯಾಗಿ. ಕಬ್ಬು ಕಡಿದ ಮೇಲೆ ರವದಿಗೆ, ಅಂದರೆ ಹೊಲದಲ್ಲಿ ಉಳಿದ ಒಣ ಸೋಗೆಗೆ, ಇಟ್ಟ ಬೆಂಕಿಯಲ್ಲಿ ಮೈ ಸುಟ್ಟುಕೊಂಡೋ, ಕಾರ್ಖಾನೆಗೆ ಸಾಗುವ ಟ್ರ್ಯಾಕ್ಟರುಗಳ ದಾರಿಯನ್ನು ತನ್ನ ತೂಗುನಡಿಗೆಯಲ್ಲಿ ದಾಟಹೋಗಿ ಗಾಯಗೊಂಡೋ, ಕಾಗೆ ಬೆಕ್ಕುಗಳ ಬಾಯಿಂದ ತಪ್ಪಿಸಿಕೊಂಡೋ ಅದು ಯಾರದಾದರೂ ಕಣ್ಣಿಗೆ ಬೀಳುತ್ತದೆ, ಮತ್ತು ಮಕ್ಕಳು ಕಟ್ಟಿಗೆಯ ಮೇಲೆ ಹತ್ತಿಸಿಕೊಂಡು ಮನೆಗೆ ತರುತ್ತಾರೆ.

ಹೀಗೆ ತಂದ ಪ್ರಾಣಿಯನ್ನು ಇಟ್ಟುಕೊಳ್ಳುವ ಅಧಿಕಾರ ಮನೆಯವರಿಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಯಲ್ಲಿ ಗೋಸುಂಬೆ ಸೇರಿದೆ. ಇಂಥ ಪ್ರಾಣಿಗಳನ್ನು ಸರ್ಕಾರದ ಸ್ವತ್ತೆಂದು ಕರೆಯುವ ಆ ಕಾಯ್ದೆಯ 39ನೆಯ ಕಲಮು, ಅವು ಯಾವ ಕಾರಣದಿಂದಲೇ ಕೈಸೇರಿದರೂ 48 ಗಂಟೆಯೊಳಗೆ ಸಮೀಪದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕೆಂದು ವಿಧಿಸುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926 ಇರುವುದು ಇಂಥ ಸಂದರ್ಭಗಳಿಗೇ. ಆದ್ದರಿಂದ ಮನೆಯ ಆರೈಕೆಯೆಂದರೆ ಕರೆ ಹೋಗಿ ಇಲಾಖೆಯವರು ಬರುವವರೆಗಿನ ಅವಧಿ ಮಾತ್ರ. ಆ ಅವಧಿ ಚಿಕ್ಕದಾದರೂ ಪ್ರಾಣಿ ಉಳಿಯುವುದೋ ಸಾಯುವುದೋ ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತದೆ, ಏಕೆಂದರೆ ಎಮ್ಮೆ ಕರುಗಳನ್ನು ಸಾಕಿ ಬಲ್ಲ ಒಕ್ಕಲು ಮನೆತನದ ಕರುಣೆ ಯಾವ ರೂಪದಲ್ಲಿ ಹೊರಬರುತ್ತದೆಯೋ, ಅಂದರೆ ಮೈಸವರುವುದು, ಬಟ್ಟಲಲ್ಲಿ ಹಾಲಿಡುವುದು, ಬಾಯಿ ತೆರೆಸಿ ಏನಾದರೂ ತಿನ್ನಿಸುವುದು, ಅವೆಲ್ಲವೂ ಗೋಸುಂಬೆಗೆ ಹಾನಿಕರ.

ಗೋಸುಂಬೆ ತನ್ನ ಕಾಯಿಲೆಯನ್ನು ಕೊನೆಯ ಹಂತದವರೆಗೂ ಮುಚ್ಚಿಡುವ ಪ್ರಾಣಿ. ದುರ್ಬಲವಾಗಿ ಕಂಡದ್ದನ್ನು ಹದ್ದು ಮೊದಲು ಎತ್ತಿಕೊಂಡು ಹೋಗುತ್ತದೆಯಾದ್ದರಿಂದ ಈ ಸ್ವಭಾವ ಅದಕ್ಕೆ ಅನಿವಾರ್ಯ. ಆದರೆ ಚರ್ಮವು ಎಲ್ಲವನ್ನೂ ಮುಚ್ಚಿಡಲಾರದು. ಸುತ್ತಲಿನ ಹಿನ್ನೆಲೆಗೆ ಹೊಂದಿಕೊಳ್ಳುವುದಕ್ಕಾಗಿಯೇ ಗೋಸುಂಬೆ ಬಣ್ಣ ಬದಲಿಸುತ್ತದೆ ಎಂಬ ನಂಬಿಕೆ, ಪಕ್ಷಾಂತರಿಗಳನ್ನು ಬೈಯುವ ಸಂಪಾದಕೀಯಗಳಿಗೆ ಎಷ್ಟೇ ಉಪಯುಕ್ತವಾಗಿದ್ದರೂ, ಬಹುಮಟ್ಟಿಗೆ ತಪ್ಪು. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯಲ್ಲಿ ತೋರಿಸಿಕೊಟ್ಟಂತೆ, ಚರ್ಮದ ಕೆಲವು ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಸಾಲುಗಟ್ಟಿರುತ್ತವೆ. ಪ್ರಾಣಿ ನೆಮ್ಮದಿಯಾಗಿರುವಾಗ ಹರಳುಗಳು ಒತ್ತೊತ್ತಾಗಿದ್ದು ನೀಲಿ ಬೆಳಕನ್ನೂ, ಕೆರಳಿದಾಗ ದೂರ ಸರಿದು ಹಳದಿ ಕೆಂಪುಗಳನ್ನೂ ಪ್ರತಿಫಲಿಸುತ್ತವೆ. ಬೆಳಗಿನ ಚಳಿಯಲ್ಲಿ ಬಿಸಿಲು ಹೀರಲು ಮೈ ಕಪ್ಪಾಗುವುದೂ, ರಾತ್ರಿ ನಿದ್ದೆಯಲ್ಲಿ ಬಿಳಿಚುವುದೂ ಸಹಜ. ಆದರೆ ಮೈ ಕಾದ ಮೇಲೂ ಕಪ್ಪು ಬಿಡದಿದ್ದರೆ ಅದು ನೋವಿನ ಅಥವಾ ಹೆದರಿಕೆಯ ಕುರುಹು. ನಾಡಿ ಹಿಡಿದು ನೋಡಲಾಗದ ಪ್ರಾಣಿಯಲ್ಲಿ ಆರೈಕೆ ಮಾಡುವವರು ಓದಬೇಕಾದದ್ದು ಈ ಬಣ್ಣವನ್ನೇ.

ಉಳಿದ ಲಕ್ಷಣಗಳನ್ನು ದೂರದಿಂದಲೇ ಗಮನಿಸಬಹುದು. ಎರಡು ಕಣ್ಣುಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಬಲ್ಲ ಈ ಜೀವಿ ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತರೆ ಕಾಯಿಲೆ ಆಗಲೇ ಬಲಿತಿದೆ ಎಂದರ್ಥ. ಕಣ್ಣಿನ ಗುಡ್ಡೆ ಒಳಗಿಳಿದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಮಲದೊಡನೆ ಬೀಳುವ ಯೂರೇಟು, ಅಂದರೆ ಸರೀಸೃಪಗಳ ಗಟ್ಟಿ ಮೂತ್ರ, ಬೆಳ್ಳಗಿರುವ ಬದಲು ಹಳದಿ ಅಥವಾ ಕಿತ್ತಳೆಯಾಗಿದ್ದರೂ ಅದೇ ಅರ್ಥ. ಬಾಯಿ ತೆರೆದು ಮೂತಿಯನ್ನು ಮೇಲೆತ್ತಿ ಉಸಿರಾಡುವುದು ಬಿಸಿಲು ಹೆಚ್ಚಾಗಿದ್ದರಿಂದಲೂ ಇರಬಹುದು, ಶ್ವಾಸಕೋಶದ ಸೋಂಕಿನಿಂದಲೂ ಇರಬಹುದು. ನೆರಳಿಗೆ ಬಂದ ಮೇಲೂ ಅದು ನಿಲ್ಲದಿದ್ದರೆ ಸೋಂಕೆಂದೇ ತಿಳಿಯಬೇಕು, ಏಕೆಂದರೆ ವಪೆಯಿಲ್ಲದ ಈ ಪ್ರಾಣಿ ಮನುಷ್ಯರ ಹಾಗೆ ಕೆಮ್ಮಿ ಕಫವನ್ನು ಹೊರಹಾಕಲಾರದು.

ಬಟ್ಟಲಿನಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ನೀರೆಂದು ಗುರುತಿಸುವುದಿಲ್ಲ. ಬೆಳಗಿನ ಇಬ್ಬನಿಯನ್ನೂ ಮಳೆಯ ಹನಿಯನ್ನೂ ಎಲೆಯ ಮೇಲಿಂದ ನೆಕ್ಕಿ ಬದುಕುವ ಅದಕ್ಕೆ ಹೊಳೆಯುವ, ಜಾರುವ ಹನಿಯೇ ನೀರು; ಹೀಗಾಗಿ ತುಂಬಿದ ಬಟ್ಟಲಿನ ಪಕ್ಕದಲ್ಲಿಯೇ ಅದು ನೀರಡಿಸಿ ಸಾಯುವುದು ಸಾಧ್ಯ. ಎಲೆಗಳಿರುವ ಬೇವಿನ ಟೊಂಗೆಯೊಂದನ್ನು ಗಾಳಿಯಾಡುವ ದೊಡ್ಡ ಬುಟ್ಟಿಯೊಳಗೆ ನಿಲ್ಲಿಸಿ, ಪ್ರಾಣಿಯನ್ನು ಅದಕ್ಕೆ ಹತ್ತಗೊಟ್ಟು, ಎಲೆಗಳ ಮೇಲೆ ನೀರು ತೊಟ್ಟಿಕ್ಕುವಂತೆ ಮಾಡಿ ಎಲ್ಲರೂ ದೂರ ಸರಿದರೆ, ಕೆಲವೊಮ್ಮೆ ಬಹಳ ಹೊತ್ತು ಸುಮ್ಮನಿದ್ದ ಮೇಲೆ, ಅದು ಕುಡಿಯತೊಡಗುತ್ತದೆ. ಅರ್ಧ ಬಿಸಿಲು ಅರ್ಧ ನೆರಳು ಇರುವ ಜಾಗ ಅದಕ್ಕೆ ಬೇಕು. ತನ್ನ ಮೈಯ ಶಾಖವನ್ನು ತಾನೇ ಉತ್ಪಾದಿಸಲಾರದ ಪ್ರಾಣಿಯಾದ್ದರಿಂದ ಬಿಸಿಲಿಗೂ ನೆರಳಿಗೂ ಸರಿದಾಡುವ ಅವಕಾಶವೇ ಅದರ ಪಾಲಿಗೆ ಅರ್ಧ ಔಷಧ, ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ನೆರಳಿಲ್ಲದ ಅಂಗಳದಲ್ಲಿ ಇಟ್ಟರೆ ಅದೇ ಬಿಸಿಲು ಸ್ವಲ್ಪ ಹೊತ್ತಿನಲ್ಲಿ ಕೊಲ್ಲುತ್ತದೆ. ಮೈ ಕಾಯದೆ ಜೀರ್ಣಕ್ರಿಯೆ ನಡೆಯದು. ತಣ್ಣಗಿರುವ ಗೋಸುಂಬೆಗೆ ಒತ್ತಾಯದಿಂದ ತುರುಕಿದ ಹುಳು ಹೊಟ್ಟೆಯಲ್ಲಿಯೇ ಕೊಳೆಯುತ್ತದೆ. ಮೊದಲು ಶಾಖ, ಆಮೇಲೆ ನೀರು, ಆಹಾರದ ಮಾತು ಕೊನೆಗೆ. ಅದೂ ಜೀವಂತ ಮಿಡತೆಯೇ ಆಗಬೇಕು, ಮತ್ತು ಎಣ್ಣಿ ಹೊಡೆದ, ಎಂದರೆ ಕೀಟನಾಶಕ ಸಿಂಪಡಿಸಿದ, ಹೊಲದಿಂದ ಹಿಡಿದದ್ದಾಗಿರಬಾರದು. ಈ ಸೀಮೆಯಲ್ಲಿ ಅಂಥ ಮಿಡತೆ ಹುಡುಕುವುದು ಮಿಕ್ಕೆಲ್ಲ ಆರೈಕೆಗಿಂತ ಕಷ್ಟದ ಕೆಲಸ.

ಮನೆಯೊಳಗೆ ವಾರಗಟ್ಟಲೆ ಇಟ್ಟುಕೊಂಡ ಗೋಸುಂಬೆಗಳಿಗೆ ಬರುವ ಮುಖ್ಯ ರೋಗ ಎಲುಬಿನದು. ಸೂರ್ಯನ ಬೆಳಕಿನಲ್ಲಿ ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ಭಾಗವೊಂದಿದ್ದು, ಯುವಿಬಿ ಎಂದು ಕರೆಯಲಾಗುವ ಈ ನೇರಳಾತೀತ ಕಿರಣ ಚರ್ಮದ ಮೇಲೆ ಬಿದ್ದಾಗ ಡಿ3 ಜೀವಸತ್ವ ಹುಟ್ಟುತ್ತದೆ, ಅದರ ನೆರವಿನಿಂದ ಕರುಳು ಸುಣ್ಣದ ಅಂಶವನ್ನು ಹೀರಿಕೊಳ್ಳುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ತಡೆದುಬಿಡುವುದರಿಂದ, ಗಾಜಿನ ಹಿಂದೆ ಬಿಸಿಲು ಕಾಯಿಸುತ್ತಿರುವಂತೆ ಕಾಣುವ ಗೋಸುಂಬೆಗೆ ಬರೀ ಶಾಖ ಸಿಕ್ಕಿರುತ್ತದೆ. ಸುಣ್ಣ ಸಾಲದಾದಾಗ ದೇಹ ಅದನ್ನು ಎಲುಬಿನಿಂದಲೇ ಕಿತ್ತು ಬಳಸುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲುಗಳು ಬಾಗುತ್ತವೆ, ಬೆರಳುಗಳು ಮೂರು ಒಂದು ಕಡೆ ಎರಡು ಇನ್ನೊಂದು ಕಡೆ ಕೂಡಿಕೊಂಡು ಇಕ್ಕಳದಂತೆ ಟೊಂಗೆ ಹಿಡಿಯುತ್ತಿದ್ದ ಪಾದ ಸಡಿಲವಾಗುತ್ತದೆ, ಮೈಯಷ್ಟು ಉದ್ದಕ್ಕೂ ಮೀರಿ ಚಿಮ್ಮುತ್ತಿದ್ದ ನಾಲಿಗೆ ಬಾಯಿಯ ಮುಂದೆಯೇ ಜೋತುಬೀಳುತ್ತದೆ. ಯೆಮನ್ ಮೂಲದ ವೇಲ್ಡ್ ಗೋಸುಂಬೆಯನ್ನು ಸಾಕುವ ಅಮೆರಿಕ, ಯುರೋಪುಗಳ ಮನೆಗಳಲ್ಲಿ ಈ ರೋಗವನ್ನು ತಡೆಯಲು ಯುವಿಬಿ ದೀಪ, ಮಂಜು ಚಿಮ್ಮುವ ಯಂತ್ರ, ಬಲೆಗೋಡೆಯ ಪಂಜರ, ಹುಳುಗಳ ಮೇಲೆ ಉದುರಿಸುವ ಸುಣ್ಣದ ಪುಡಿ ಎಲ್ಲವನ್ನೂ ಹೊಂದಿಸಿಡುತ್ತಾರೆ. ಅಂಥ ವಿದೇಶಿ ಗೋಸುಂಬೆಗಳನ್ನು ಭಾರತದಲ್ಲಿ ಸಾಕುವವರು 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಅಷ್ಟೆಲ್ಲ ಹಣ ಸುರಿದು ಕಟ್ಟುವ ಪಂಜರ ಮಾಡಲು ಹೊರಟಿರುವುದು ಪಾಲಬಾವಿಯ ಜಾಲಿಯ ಬೇಲಿ ಪುಕ್ಕಟೆಯಾಗಿ ಮಾಡುವ ಕೆಲಸವನ್ನೇ, ಅದೂ ಅರೆಬರೆಯಾಗಿ.

ಹೆಣ್ಣು ಗೋಸುಂಬೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಮರ ಬಿಟ್ಟು ನೆಲದಲ್ಲಿ ಚಡಪಡಿಸುತ್ತ ಮಣ್ಣು ಕೆದರುವ, ಹೊಟ್ಟೆ ಉಬ್ಬಿದ ಹೆಣ್ಣು ಹಲವು ವೇಳೆ ರೋಗಿಯೇ ಅಲ್ಲ, ಮೊಟ್ಟೆಯಿಡಲು ಮೆತ್ತನೆಯ ಮಣ್ಣು ಹುಡುಕುತ್ತಿರುವ ಬಸುರಿ. ಅದನ್ನು ರಕ್ಷಿಸಿದೆವೆಂದು ಮನೆಗೆ ತಂದು ಡಬ್ಬಿಯಲ್ಲಿಟ್ಟರೆ ಮೊಟ್ಟೆಗಳು ಒಳಗೇ ಉಳಿದು ಅದು ಸಾಯಬಹುದು.

ಚಿಕಿತ್ಸೆ ವೈದ್ಯರ ಕೆಲಸ. ಅಥಣಿ ತಾಲೂಕಿನ ಕೊಕಟನೂರಿನಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ಈ ಭಾಗದ ಅನುಕೂಲ, ಆದರೆ ಹಳ್ಳಿಗಳ ದನದ ಡಾಕ್ಟರರ ದಿನನಿತ್ಯದ ಅನುಭವ ಸಹಜವಾಗಿಯೇ ದನ, ಎಮ್ಮೆ, ಆಡುಗಳದ್ದು. ದನಕ್ಕೆ ಹಿಂಭಾಗದಲ್ಲಿ ಸೂಜಿ ಚುಚ್ಚುವುದು ರೂಢಿಯಾದರೆ, ಸರೀಸೃಪಗಳಲ್ಲಿ ಹಿಂಗಾಲಿನಿಂದ ಮರಳುವ ರಕ್ತದ ಒಂದು ಪಾಲು ನೇರವಾಗಿ ಮೂತ್ರಪಿಂಡಕ್ಕೆ ಹೋಗುವುದರಿಂದ ಮುಂಗಾಲಿನ ಭಾಗಕ್ಕೆ ಚುಚ್ಚುವುದೇ ವಾಡಿಕೆ. ಮೈಯ ಶಾಖಕ್ಕೆ ತಕ್ಕಂತೆ ಔಷಧ ಒಳಗೆ ಕರಗುವ ವೇಗವೂ ಬದಲಾಗುತ್ತದೆ. ಮನೆಯಲ್ಲಿ ಉಳಿದ ಮಾತ್ರೆಯನ್ನು ಅರೆದು ಕುಡಿಸುವ ಧೈರ್ಯವನ್ನು ಯಾರೂ ಮಾಡಬಾರದು.

ಚೇತರಿಸಿಕೊಂಡ ಗೋಸುಂಬೆಯನ್ನು ದೂರದ ಕಾಡಿಗೆ ಒಯ್ದು ಬಿಡುವುದಕ್ಕಿಂತ ಸಿಕ್ಕ ಜಾಗದ ಹತ್ತಿರದಲ್ಲಿಯೇ, ಬೆಂಕಿ ಮುಟ್ಟದ ಒಂದು ಬದುವಿನ ಮೇಲೆ, ಇಲಾಖೆಯವರ ಎದುರಿಗೆ ಬಿಡುವುದು ಒಳ್ಳೆಯದು. ತೊಂದರೆಯೆಂದರೆ ಅಂಥ ಬದುಗಳೇ ಕಡಿಮೆಯಾಗುತ್ತಿವೆ: ಇನ್ನೆರಡು ಸಾಲು ಕಬ್ಬು ಬರಲೆಂದು ಜೆಸಿಬಿ ತಂದು ಬೇಲಿಯನ್ನು ಬೇರುಸಹಿತ ಕಿತ್ತ ಹೊಲದಲ್ಲಿ ಗೋಸುಂಬೆಯನ್ನು ಹತ್ತಿಸಲು ಒಂದು ಟೊಂಗೆಯೂ ಇರುವುದಿಲ್ಲವಾದ್ದರಿಂದ, ವಾಸಿಯಾದ ಪ್ರಾಣಿಯನ್ನು ಹಿಡಿದುಕೊಂಡು ಇನ್ನೂ ಬೇಲಿ ಉಳಿಸಿಕೊಂಡಿರುವ ಪಕ್ಕದ ಹೊಲದವರ ಒಪ್ಪಿಗೆ ಕೇಳಬೇಕಾಗುತ್ತದೆ.