ಜೋಡಿ ನಳಿಗೆಯ ನಾಡಿ

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದ ಸುತ್ತಿನ ಹಳೆಯ ಬೇಸಾಯದ ಮನೆಗಳಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದೆ. ರಾಗಿಗೆ ಡಾಂಬರು ರಸ್ತೆಯೇ ಕಣವಾಗಿದೆ. ಎಲ್ಲೋ ಒಂದೆರಡು ಮನೆಗಳಲ್ಲಿ ಅಜ್ಜನ ಕಾಲದ ಬಂದೂಕು ಮಾತ್ರ ಹಾಗೇ ಉಳಿದಿದೆ. ಹಂದಿ ಬೆದರಿಸಲು ಗಾಳಿಗೆ ಹಾರಿಸುವ ಒಂದೆರಡು ಈಡು, ಚುನಾವಣೆ ಬಂದರೆ ಠಾಣೆಯಲ್ಲಿ ಠೇವಣಿ, ಮುಗಿದ ಮೇಲೆ ರಸೀದಿ ತೋರಿಸಿ ವಾಪಸು. ಇಷ್ಟೇ ಅದರ ಸಂಚಾರ.

ಅಂಥದೊಂದು ಮನೆಯ ಯಜಮಾನರಿಗೆ 70 ತುಂಬಿತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 70 ತುಂಬಿದ, ಇಲ್ಲವೇ 25 ವರ್ಷ ಬಂದೂಕು ಇಟ್ಟುಕೊಂಡ ಲೈಸೆನ್ಸುದಾರರು ಬದುಕಿರುವಾಗಲೇ ಅದು ವಾರಸುದಾರರಿಗೆ ಹೋಗಲು ದಾರಿಯಿದೆ. ಮಗ ಅರ್ಜಿಯನ್ನು ತಂದೇಬಿಟ್ಟ. ಯಜಮಾನರು ಸಹಿ ಹಾಕಲಿಲ್ಲ.

"ಮೊದ್ಲು ಬಿಚ್ಚಿ ನೋಡಾನ. ಕೊಡೋ ವಸ್ತು ನೆಟ್ಟಗೈತೋ ಇಲ್ವೋ ತಿಳ್ಕಬೇಕಲ್ವೇನ್ಲಾ?"

ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ 12 ಬೋರಿನ ಜೋಡಿ ನಳಿಗೆ ಅದು. ಈ 12 ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮನಾದ ಗುಂಡು ಮಾಡಿದರೆ ಒಂದೊಂದರ ದಪ್ಪ ಎಷ್ಟೋ ಅಷ್ಟು, ಸುಮಾರು 18.5 ಮಿ.ಮೀ.

ಯಜಮಾನರು ನಳಿಗೆ ಮಡಿಚಿ, ತೋಟಾ ಕೂರುವ ಎರಡೂ ಗೂಡು ಖಾಲಿಯೆಂದು ಕಣ್ಣಿನಿಂದ ನೋಡಿದ್ದಲ್ಲದೆ ಬೆರಳು ಹಾಕಿಯೂ ನೋಡಿದರು. ಮುಂದಿನ ಮರದ ತುಂಡು ಕಳಚಿ ನಳಿಗೆಗಳನ್ನು ಬೇರೆ ಮಾಡಿದರು. ಅವುಗಳನ್ನು ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಿದರೆ ದೇವರ ಮನೆಯ ಗಂಟೆಯ ಹಾಗೆ ನಾದ ಬಂತು. ಎರಡನ್ನೂ ಕೂಡಿಸಿದ ಬೆಸುಗೆ ಬಿಟ್ಟಿದ್ದರೆ ಒಡಕು ಮಡಕೆಯ ಸದ್ದು ಬರುತ್ತಿತ್ತು. ಮಗನ ಮುಖ ಅರಳಿತು.

ಬೆಳಕಿಗೆ ಹಿಡಿದಾಗ ಎಡ ನಳಿಗೆ ಕನ್ನಡಿಯಂತಿತ್ತು. ಬಲದ್ದರಲ್ಲಿ, ತೋಟಾ ಗೂಡಿನ ಮುಂದೆಯೇ ಸಿಡುಬಿನ ಕಲೆಯಂಥ ಗುಳಿಗಳು. ಹಳೆಯ ತೋಟಾಗಳ ಕೇಪು ಸಿಡಿದಾಗ ಉಳಿಯುವ ಲವಣ, ತೇವ ಹೀರಿ ಉಕ್ಕನ್ನು ತಿಂದ ಗುರುತು. ಮುಂದಿನ ಕುದುರೆ ಬಲ ನಳಿಗೆಯದು. ಅವಸರದಲ್ಲಿ ಬೆರಳು ಹೋಗುವುದು ಅದಕ್ಕೇ. ಹಾಗಾಗಿ ಬಲವೇ ಹೆಚ್ಚು ದುಡಿದಿತ್ತು.

ಆಮೇಲೆ ಮುಂದಿನ ಮರವಿಲ್ಲದೆಯೇ ನಳಿಗೆ ಕೂಡಿಸಿ ಅಲುಗಿಸಿದರು. ಕೀಲಿನಲ್ಲಿ ಸಣ್ಣಗೆ 'ಟಕ್' ಎಂದಿತು. ನಳಿಗೆಯ ಹಿಂಬದಿಗೂ ಅದು ಆತುಕೊಳ್ಳುವ ಉಕ್ಕಿಗೂ ನಡುವೆ ತೆಳು ಕಾಗದದ ಚೂರೊಂದನ್ನಿಟ್ಟು ಮುಚ್ಚಿದರು. ಕಚ್ಚಿ ಹಿಡಿಯಬೇಕಿದ್ದ ಕಾಗದ ಸಲೀಸಾಗಿ ಈಚೆ ಬಂತು. ಕೀಲು ಸವೆದಿತ್ತು.

"ಏನಾಯ್ತದಪ್ಪ? ವರ್ಸಕ್ಕೆ ಎಲ್ಡು ಈಡು ತಾನೆ?" ಎಂದ ಮಗ.

ಯಜಮಾನರು ನಳಿಗೆಯ ಅಡಿಯ ಮುದ್ರೆ ತೋರಿಸಿದರು: 2½ ಅಂಗುಲ. ಅದು 65 ಮಿ.ಮೀ. ತೋಟಾದ ಗೂಡು. 70 ಮಿ.ಮೀ. ತೋಟಾ ಕೂಡ, ಬಾಯಿ ಮಡಿಚಿರುವುದರಿಂದ, ಅದರೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ಮೋಸ ಇರುವುದೇ ಅಲ್ಲಿ. ಹಾರಿದಾಗ ಬಿಚ್ಚಿಕೊಳ್ಳುವ ಬಾಯಿಗೆ ಜಾಗ ಸಾಲದೆ ಒತ್ತಡ ಏರುತ್ತದೆ. ಆ ಒತ್ತಡವೆಲ್ಲ ಗುಳಿಬಿದ್ದ ಉಕ್ಕಿನ ಮೇಲೆ; ಅದರ ಆಸುಪಾಸಿನಲ್ಲೇ ಹಾರಿಸುವವನ ಎಡಗೈ ಮತ್ತು ಕಣ್ಣು!

ಲೈಸೆನ್ಸು ಪಡೆದ ಬಂದೂಕು ರಿಪೇರಿಯವರು ನಳಿಗೆಯ ದಪ್ಪ ಅಳೆದು, ಕೀಲು ಬಿಗಿಮಾಡಿ, ಸರಿ ಎನ್ನುವ ತನಕ ಈಡಿಲ್ಲವೆಂದು ತೀರ್ಮಾನವಾಯಿತು. ಆಗದೆಂದರೆ ಠಾಣೆಗೆ ಒಪ್ಪಿಸುವುದು. ಲೈಸೆನ್ಸಿನಲ್ಲಿ ಬಂದೂಕಿನ ನಂಬರಿಗೆ ಜಾಗವಿದೆ, ಬೋರಿಗೆ ಜಾಗವಿದೆ. ಸವೆತ ಬರೆಯಲು ಇಲ್ಲ. ಅದನ್ನು ಕೊಡುವವರೇ ಹೇಳಿ ಕೊಡಬೇಕು.

ಅರ್ಜಿ ಕಪಾಟು ಸೇರಿತು. ಆ ಸಲ ಅವರೆ ಹೊಲಕ್ಕೆ ಹಂದಿ ನುಗ್ಗಿದಾಗ ಮಗ ಖಾಲಿ ಡಬ್ಬ ಬಡಿದ. ಎರಡು ಸಾಲು ಅವರೆ ಹೋಯಿತು. ಹತ್ತು ಬೆರಳೂ ಉಳಿದವು.