ಮತ್ತಿನ ಡಾಕ್ಟರಿಗೆ ಬೀಡಿಯ ಲೆಕ್ಕ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಟೀ ಅಂಗಡಿ ಮುಂದೆ ನಿಂತರೆ ಲೋಕದ ಸುದ್ದಿಯೆಲ್ಲ ಕಿವಿಗೆ ಬೀಳುತ್ತದೆ. ಮೊನ್ನೆ ಹರ್ನಿಯಾ ಆಪರೇಷನ್ನಿನ ಮಾತು ಬಂತು. “ಮತ್ತಿನ ಡಾಕ್ಟ್ರು ಬೀಡಿ ಸೇದ್ತೀರಾ ಅಂದ್ರೆ ಇಲ್ಲ ಅಂದ್ಬಿಡಣ್ಣ, ಸುಮ್ನೆ ಮುಂದಕ್ಕಾಕ್ತಾರೆ” ಎಂದು ಒಬ್ಬರು ಬುದ್ಧಿ ಹೇಳುತ್ತಿದ್ದರು. ಕೇಳಿ ನನಗೆ ನಿಜಕ್ಕೂ ಭಯವಾಯಿತು.

ನಮ್ಮದು ಹೊಗೆಸೊಪ್ಪಿನ ಸೀಮೆ. ಹುಣಸೂರು, ಪಿರಿಯಾಪಟ್ಟಣದ ಎಷ್ಟೋ ಮನೆಗಳ ಒಲೆ ಉರಿಯುವುದೇ ತಂಬಾಕಿನ ಹರಾಜಿನಿಂದ. ಬೀಡಿ ಸೇದುವವರನ್ನು ಕೀಳಾಗಿ ಕಾಣುವ ಹಕ್ಕು ನಮಗಿಲ್ಲ. ಡಾಕ್ಟರು ಕೇಳುವುದೂ ಉಸಿರಿನ ಲೆಕ್ಕ ಹಾಕುವುದಕ್ಕೇ.

ಆಪರೇಷನ್ನಿಗೆ ಮುಂಚೆ ಗಾಬರಿ ತಗ್ಗಲೆಂದು ಮಿಡಜೋಲಾಮ್‌ನಂಥ ಔಷಧ ಕೊಡುವುದುಂಟು. ಹೆದರಿ ನಡುಗುವವರಿಗೆ ಅದು ದೊಡ್ಡ ಉಪಕಾರ. ಆದರೆ ಅದೇ ಔಷಧ ಗಂಟಲಿನ ಸ್ನಾಯುಗಳನ್ನು ಸಡಿಲಿಸುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಜೋರಾಗಿ ಉಸಿರಾಡು ಎಂಬ ಮಿದುಳಿನ ಆಜ್ಞೆ ಮೆತ್ತಗಾಗುತ್ತದೆ. ಇದರ ಮೇಲೆ ಪೂರ್ತಿ ಮತ್ತು ಬರಿಸಿದಾಗ, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಅರ್ಧ ಲೀಟರ್ ಇಳಿಯುತ್ತದೆ. ಬಹುಕಾಲ ಬೀಡಿ ಸೇದಿದವರ ಸಣ್ಣ ಗಾಳಿಕೊಳವೆಗಳು ಮೊದಲೇ ಊದಿ ಕಿರಿದಾಗಿರುತ್ತವೆ, ಬೇಗ ಮುಚ್ಚಿಕೊಳ್ಳುತ್ತವೆ. ಜೊತೆಗೆ ಕಫ. ಗಂಟಲಿಗೆ ನಳಿಕೆ ಇಳಿಸುವಾಗ ಕೆಮ್ಮು, ಶ್ವಾಸನಾಳದ ಸೆಟೆತ. ಗಾಬರಿ ತಗ್ಗಿಸುವ ಔಷಧ ಎಷ್ಟು ಕೊಡಬೇಕು, ಕೊಡಲೇಬೇಕೇ ಎಂಬುದೆಲ್ಲ ನಿಜ ಗೊತ್ತಿದ್ದರೆ ತಾನೇ ತೀರ್ಮಾನವಾಗುವುದು?

ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಕ್ಲಿಪ್ ಎಲ್ಲವನ್ನೂ ಕಂಡುಹಿಡಿಯುತ್ತದಲ್ಲ ಎನ್ನಬಹುದು. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಸಾಮಾನ್ಯ ಕ್ಲಿಪ್ಪಿಗೆ ಇವೆರಡರ ವ್ಯತ್ಯಾಸ ತಿಳಿಯದು. ಅಂಕಿ ಚೆನ್ನಾಗಿಯೇ ಕಾಣುತ್ತದೆ.

ಮತ್ತು ಕೊಡುವಾಗ ಉಸಿರನ್ನು ಗಮನಿಸಬೇಕೆಂಬ ಮಾತು ಹೊಸದಲ್ಲ. ರಾಯಚೂರು, ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 1888 ಮತ್ತು 1889ರಲ್ಲಿ, ಎಡ್ವರ್ಡ್ ಲಾರಿ ಎಂಬ ವೈದ್ಯರ ಮುಂದಾಳ್ತನದಲ್ಲಿ ಹೈದರಾಬಾದಿನಲ್ಲಿ, ಆಗಿನ ಮತ್ತಿನ ಔಷಧವಾದ ಕ್ಲೋರೋಫಾರಂ ಕುರಿತ ಆಯೋಗಗಳು ನಡೆದವು. ಕ್ಲೋರೋಫಾರಂ ನೇರವಾಗಿ ಹೃದಯವನ್ನು ನಿಲ್ಲಿಸದು ಎಂಬ ಅವರ ವಾದ ಮುಂದೆ ಬಿದ್ದುಹೋಯಿತು. ಉಸಿರಿನ ಮೇಲೆ ಕಣ್ಣಿಡಿ ಎಂದದ್ದು ಇವತ್ತಿಗೂ ನಿಂತಿದೆ.

ಆಪರೇಷನ್ ನಿಕ್ಕಿಯಾದ ದಿನವೇ ಬೀಡಿ ಬಿಡಿ. ನಾಲ್ಕು ವಾರ ಸಿಕ್ಕರೆ ಶ್ವಾಸಕೋಶಕ್ಕೆ ಒಳ್ಳೆಯ ಲಾಭ; ಒಂದೇ ದಿನ ಬಿಟ್ಟರೂ ಕಾರ್ಬನ್ ಮೊನಾಕ್ಸೈಡ್ ಬಹುಪಾಲು ಇಳಿಯುತ್ತದೆ. ಬಿಡಲಾಗದಿದ್ದರೆ ದಿನಕ್ಕೆಷ್ಟು, ಎಷ್ಟು ವರ್ಷದಿಂದ, ಕೊನೆಯದನ್ನು ಸೇದಿದ್ದು ಯಾವಾಗ ಎಂಬುದನ್ನು ಮತ್ತಿನ ಡಾಕ್ಟರಿಗೆ ಮುಚ್ಚಿಡದೆ ಹೇಳಿ.